ಅತ್ತೆಗೆ ಕಂಡ ಮೂರು ಚಂದ್ರ

ನನ್ನ ಅತ್ತೆ ಹುಣ್ಣಿಮೆಯ ಚಂದ್ರನಿಗೆ ಕೈಮುಗಿಯುವುದನ್ನು ಯಾವಾಗ ನಿಲ್ಲಿಸಿದರೋ ನನಗೆ ಸರಿಯಾಗಿ ತಿಳಿಯಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಪ್ರತಿ ಹುಣ್ಣಿಮೆಯ ಸಂಜೆ ಅವರು ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಜಗಲಿಯ ತುದಿಗೆ ಬಂದು ನಿಲ್ಲುತ್ತಿದ್ದರು. ಎದುರು ಮನೆಯ ಹೆಂಚಿನ ಮೇಲೆ ಚಂದ್ರ ಬರುವ ತನಕ ಯಾರು ಮಾತಾಡಿಸಿದರೂ ಕದಲುತ್ತಿರಲಿಲ್ಲ. ಬಂದ ಮೇಲೆ "ಶಿವನೇ" ಎಂದು ಒಂದು ಸಲ ಕೈಮುಗಿದು ಒಳಗೆ ಹೋಗುತ್ತಿದ್ದರು. ಆಮೇಲೊಂದು ವರ್ಷ ನೋಡಿದರೆ, ಹುಣ್ಣಿಮೆ ದಿನವೂ ಅವರು ಅಡುಗೆಮನೆಯಲ್ಲೇ ಕೂತಿರುತ್ತಿದ್ದರು. ಕೇಳಿದರೆ "ಕಾಲು ನೋವು ಕಣವ್ವ" ಎನ್ನುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ತಿ. ನರಸೀಪುರದಲ್ಲಿ. ಮದುವೆಯಾಗಿ ಬಂದದ್ದು ನಂಜನಗೂಡು ತಾಲ್ಲೂಕಿನ, ಸುತ್ತೂರಿಗೆ ಹತ್ತಿರದ ಒಂದು ಹಳ್ಳಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರಿಗೆ ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಕತ್ತಲಾದ ಮೇಲೆ. ಗದ್ದೆಯ ವ್ಯವಹಾರವೆಲ್ಲ ಅತ್ತೆಯದು. ಮಾವನವರು ತೀರಿಕೊಂಡ ಮೇಲೆ ಅವರೇ ಒಡ್ಡಿನ ಮೇಲೆ ನಿಂತು ನಾಟಿ ಮಾಡಿಸುತ್ತಿದ್ದರು. ಎಷ್ಟೋ ಸಲ ತಾವೇ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿಯುತ್ತಿದ್ದರು. ಅಂಥವರು ಅಕ್ಕಿ ಆರಿಸುವಾಗ ಕಲ್ಲು ಬಿಡತೊಡಗಿದರು. ಹಟ್ಟಿಯಲ್ಲಿ ಕರುವಿನ ಹಗ್ಗಕ್ಕೆ ಎಡವಿ ಬಿದ್ದರು. ವಯಸ್ಸಾಯಿತು ಅಂದುಕೊಂಡೆವು. ಅವರೂ ಅದನ್ನೇ ಹೇಳಿದರು.

ಆ ಹೊತ್ತಿಗೆ ನನಗೆ ಊರಿನ ಪ್ರಾಥಮಿಕ ಶಾಲೆಯಲ್ಲೇ ಕೆಲಸ ಸಿಕ್ಕಿತ್ತು. ನನ್ನ ಜೊತೆ ಪಾಠ ಮಾಡುತ್ತಿದ್ದ ಇನ್ನೊಬ್ಬ ಟೀಚರು ಇದೇ ಊರಿನ ಇನ್ನೊಂದು ಕೇರಿಯವರು. ಅವರ ತಾಯಿ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದವರು. ಮಗಳು ಟಿ.ಸಿ.ಎಚ್. ಓದಿ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟಿದ್ದರು. ಆ ಕೇರಿಯ ಕೆಲವು ಮನೆಗಳು ಅದಾಗಲೇ ಬುದ್ಧನನ್ನು ನಂಬಿ ನಡೆಯಲು ಶುರುಮಾಡಿದ್ದವು. ಇವರ ಮನೆಯೂ ಅದರಲ್ಲೊಂದು.

ಒಂದು ಏಪ್ರಿಲ್ಲಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದಾಗ ಅವರು ಹೇಳಿದರು. "ವೈಶಾಖದ ಹುಣ್ಣಿಮೆಗೆ ನಮ್ಮವರೆಲ್ಲ ಬೋರೆ ಮೇಲೆ ಸೇರ್ತೀವಿ ಮೇಡಂ. ಬುದ್ಧ ಹುಟ್ಟಿದ ದಿನ ಅಲ್ವಾ? ಚಂದ್ರ ಹುಟ್ಟೋದನ್ನ ನೋಡಿ, ಪಾಯಸ ಕುಡಿದು ಮನೆಗೆ ಹೋಗ್ತೀವಿ. ನೀವೂ ಬನ್ನಿ."

ಬೋರೆ ಎಂದರೆ ಊರಿನ ಮೂಡಣಕ್ಕಿರುವ ದಿಬ್ಬ. ನೆತ್ತಿಯಲ್ಲಿ ಚಪ್ಪಟೆಯಾದ ಬಂಡೆ. ಅಲ್ಲಿ ಕೂತರೆ ಕೆಳಗೆ ಗದ್ದೆಬಯಲು, ಅದರಾಚೆ ಕಬಿನಿಯ ದಡದ ಮರಗಳ ಸಾಲು, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ.

ಮನೆಯಲ್ಲಿ ಹೇಗೆ ಹೇಳುವುದು ಎಂದು ಎರಡು ದಿನ ಯೋಚಿಸಿದೆ. ನಮ್ಮ ಬೀದಿಯಿಂದ ಯಾರೂ ಆ ಕೂಟಕ್ಕೆ ಹೋದವರಿರಲಿಲ್ಲ. ಕೊನೆಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆಯ ಮುಂದೆ ಕೂತು, ಟೀಚರು ಕರೆದಿದ್ದಾರೆ, ಹೋಗಿ ಬರಲಾ ಎಂದೆ. ಅವರು ಜರಡಿ ನಿಲ್ಲಿಸಿದರು.

"ಅವಳವ್ವ ಬತ್ತಾಳ ಅಲ್ಲಿಗ?"

"ಬರ್ತಾರೆ ಅತ್ತೆ."

"ಅಂಗಾರ ನಾನೂ ಬತ್ತೀನಿ. ನಮ್ಮ ಜಗಲಿಗ ಚಂದ್ರ ಸರ್ಯಾಗಿ ಕಾಣದಿಲ್ಲ. ಬಯಲಲ್ಲಿ ನೋಡ್ಬೇಕು."

ನನಗೆ ಆಶ್ಚರ್ಯವಾಯಿತು. ಕಾಲು ನೋವಿನ ಮಾತನ್ನು ಅವರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಹುಣ್ಣಿಮೆಯ ಸಂಜೆ ಅವರ ಕೈಹಿಡಿದು ಬೋರೆ ಹತ್ತಿಸಿದೆ. ಬಿಸಿಲಿಗೆ ಕಾದ ಬಂಡೆ ಇನ್ನೂ ಬಿಸಿಯಾಗಿತ್ತು. ಹುಡುಗಿಯರು ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸುತ್ತಿದ್ದರು, ಬಂಡೆಯಿಂದ ಮಣ್ಣಿನ ವಾಸನೆ ಏಳುತ್ತಿತ್ತು. ಕೇರಿಯ ಹೆಂಗಸರಲ್ಲಿ ಬಹಳ ಜನ ಬಿಳಿ ಸೀರೆ ಉಟ್ಟಿದ್ದರು. ಒಂದು ಸ್ಟೂಲಿನ ಮೇಲೆ ಬುದ್ಧನ ಪಟ, ಮುಂದೆ ಗಾಳಿಗೆ ಆರದಂತೆ ಗಾಜಿನ ಲೋಟದೊಳಗೆ ಇಟ್ಟ ಮೇಣದ ಬತ್ತಿ. ನಮ್ಮನ್ನು ಕಂಡು ಮಾತು ಒಂದು ಗಳಿಗೆ ನಿಂತಿತು. ಟೀಚರು ಎದ್ದು ಬಂದು ಜಮಖಾನ ಹಾಸಿದರು. ಅವರ ತಾಯಿ ದಪ್ಪ ಗಾಜಿನ ಕನ್ನಡಕ ಸರಿಮಾಡಿಕೊಳ್ಳುತ್ತಾ ಹತ್ತಿರ ಬಂದರು.

"ಏನವ್ವಾರೆ, ನೀವು ಬಂದ್ರಾ?"

"ಬಂದೆ ಕಣೆ. ಕುಂತ್ಕೊ ಇಲ್ಲೇಯ."

ಆಕೆ ಜಮಖಾನದ ಅಂಚು ಬಿಟ್ಟು ಬಂಡೆಯ ಮೇಲೆ ಕೂತರು. ಮಗಳು ಅದನ್ನು ನೋಡಿದರು. ನಾನು ಅವರಿಬ್ಬರ ಬೆನ್ನ ಹಿಂದೆ ಕೂತೆ.

ಹೊತ್ತು ಮುಳುಗಿತು. ಯಾರೋ ಒಬ್ಬರು ಬುದ್ಧನ ಬಗ್ಗೆ ನಾಲ್ಕು ಮಾತು ಹೇಳಿದರು. ಎಲ್ಲರೂ ಸೇರಿ "ಬುದ್ಧಂ ಶರಣಂ ಗಚ್ಛಾಮಿ" ಹೇಳಿದರು. ಆಮೇಲೆ ಮಾತಿಲ್ಲ. ಎಲ್ಲರ ಮುಖವೂ ನದಿಯ ಕಡೆಗೆ. ಅಷ್ಟೊಂದು ಜನ ಒಟ್ಟಿಗೆ ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮರಗಳ ಹಿಂದೆ ಮೊದಲು ಒಲೆಯ ಕೆಂಡದ ಹಾಗೆ ಒಂದಿಷ್ಟು ಕೆಂಪು ಕಂಡಿತು. ಮಕ್ಕಳು "ಬಂತು, ಬಂತು" ಎಂದು ಕೂಗಿದವು. ಚಂದ್ರ ಮೆಲ್ಲಗೆ ಮರದ ತಲೆ ಬಿಟ್ಟು ಮೇಲಕ್ಕೆ ಬಂದ.

ಅತ್ತೆ ಕೈಮುಗಿಯಲಿಲ್ಲ. ಕತ್ತನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ವಾಲಿಸಿ ನೋಡಿದರು. ಆಮೇಲೆ ಪಕ್ಕದಲ್ಲಿದ್ದವರ ಕಡೆಗೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು.

"ನಿಂಗ ಎಷ್ಟು ಚಂದ್ರ ಕಾಣ್ತವ?"

"ಎಷ್ಟು ಅಂದ್ರ? ಇರದೇ ಒಂದಲ್ವಾ ಅವ್ವಾರೆ."

"ನಂಗ ಮೂರು ಕಾಣ್ತವ ಕಣೆ. ಒಂದರ ಮ್ಯಾಲೊಂದು ಒಟ್ಟಿದಂಗ."

ಆಕೆ ನಗಲಿಲ್ಲ. "ನಂಗೂ ಅಂಗೇ ಇತ್ತು," ಎಂದರು. "ಕಣ್ಣಿನ ಪೊರೆ ಆಪ್ರೇಸನ್ ಮಾಡುಸ್ಕೊಳಕ ಮುಂಚ ನಂಗ ನಾಕು ಕಾಣ್ತಿದ್ದೊ. ಯಾರ್ಗೂ ಏಳ್ನಿಲ್ಲ. ಏಳುದ್ರ ಮುದುಕಿಗ ತಲೆ ಕೆಟ್ಟೋಯ್ತು ಅಂತಾರ ಅಂತ."

"ನಾನೂ ಅದಕ್ಕೇಯ ಏಳ್ನಿಲ್ಲ."

ಆಮೇಲೆ ಅತ್ತೆಯ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡು ನಾನು ಮುಂದೆ ಬಗ್ಗಿದೆ. ನಗುತ್ತಿದ್ದರು. "ನಿಂಗ ನಾಕಾ? ನಂಗಿಂತ ಒಂದು ಜಾಸ್ತಿನಾ?" ಆಕೆಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಸುತ್ತಲಿದ್ದವರು ಏನಾಯಿತೆಂದು ತಿರುಗಿ ನೋಡಿದರು.

ಎಷ್ಟು ತಿಂಗಳು ಅವರು ಆ ಮೂರು ಚಂದ್ರರನ್ನು ಒಬ್ಬರೇ ಹೊತ್ತುಕೊಂಡಿದ್ದರೋ! ಮನೆಗೆ ಬರುವ ದಾರಿಯಲ್ಲಿ ನನ್ನ ಕೈಹಿಡಿದು ಹೇಳಿದರು. "ಶಿವ ಕರೀತಾವ್ನ ಅನ್ಕಂಡಿದ್ದೆ ಕಣವ್ವ. ಬರೀ ಪೊರೆಯಂತಲ್ಲ."

ಆವತ್ತು ದೊನ್ನೆಯಲ್ಲಿ ಪಾಯಸ ಬಂದಾಗ ಮಾತ್ರ "ಇವತ್ತು ಒಪ್ಪತ್ತು" ಎಂದು ಹೇಳಿ ಕೈ ಅಡ್ಡ ಇಟ್ಟಿದ್ದರು. ಅವರ ಒಪ್ಪತ್ತು ಸೋಮವಾರಕ್ಕೆ, ಅಂದು ಸೋಮವಾರವಲ್ಲ. ಅದು ನನಗೂ ಗೊತ್ತಿತ್ತು, ಟೀಚರಿಗೂ ಗೊತ್ತಾಯಿತು. ಅವರು ದೊನ್ನೆಯನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿದೆ. ಗಸಗಸೆ ಪಾಯಸ, ಬೆಲ್ಲ ಹದವಾಗಿತ್ತು.

ಆಪರೇಷನ್ನಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಮಗ ಹೇಳಿದರು, ನಾನು ಹೇಳಿದೆ. "ಕಣ್ಗ ಕತ್ತಿ ಆಕುಸ್ಕೊಂಡು ಇರೋ ಬೆಳಕೂ ಕಳ್ಕೊಳಾದಾ?" ಎಂದು ಬಾಗಿಲು ಮುಚ್ಚಿದಂತೆ ಮಾತು ಮುಚ್ಚಿಬಿಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ನಂಜನಗೂಡಿನಲ್ಲಿ ಕಣ್ಣಿನ ಶಿಬಿರ ಹಾಕಿದರು. ಆಗ ಟೀಚರ ತಾಯಿಯೇ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಬಂದು ನಿಂತರು. ಕೈಯಲ್ಲಿ ಬಟ್ಟೆಯ ಚೀಲ.

"ಏಳಿ ಅವ್ವಾರೆ. ನಾನೂ ಬತ್ತೀನಿ ಜೊತ್ಗ. ನನ್ ಕಣ್ಣೇನ್ ಓಗ್ಬುಟ್ಟದಾ?"

ಅತ್ತೆ ಬಹಳ ಹೊತ್ತು ಆಕೆಯ ಕನ್ನಡಕವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಸೀರೆ, ವಿಭೂತಿ ಗಟ್ಟಿ ಕಟ್ಟಿಕೊಂಡು ಬಂದರು.

ಶಿಬಿರದವರು ವ್ಯಾನಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಅರ್ಧ ದಿನ ರಜೆ ಹಾಕಿ ನಾನು ಹೋದೆ. ಉದ್ದನೆಯ ವಾರ್ಡು. ಸಾಲಾಗಿ ಮಂಚಗಳು, ಎಲ್ಲರಿಗೂ ಒಂದೊಂದು ಕಣ್ಣಿಗೆ ಹತ್ತಿ, ಪಟ್ಟಿ. ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಟೀಚರ ತಾಯಿ ಕ್ಯಾಂಟೀನಿನಿಂದ ತಂದ ಕಾಫಿಯನ್ನು ಆರಿಸಿ, ತಮ್ಮ ಚೀಲದಲ್ಲಿದ್ದ ಲೋಟಕ್ಕೆ ಬಗ್ಗಿಸಿ, ಅತ್ತೆಯ ಎರಡೂ ಕೈಗಳ ನಡುವೆ ಇಟ್ಟರು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ಒಂದು ಗುಟುಕು ಕುಡಿದು, "ಸಕ್ರೆ ಒಸಿ ಜಾಸ್ತಿ ಆಯ್ತು ಕಣೆ" ಎಂದರು. ಪೂರ್ತಿ ಕುಡಿದರು.

ಊರಿಗೆ ಬಂದ ಮೇಲೆ ಟೀಚರ ತಾಯಿ ದಿನವೂ ಬಂದು ನೋಡುತ್ತಿದ್ದರು. ತಲೆಗೆ ನೀರು ಹಾಕಬೇಡಿ, ಒಲೆಯ ಮುಂದೆ ಕೂರಬೇಡಿ, ಬಗ್ಗಿ ಬಿಂದಿಗೆ ಎತ್ತಬೇಡಿ. ಇದೆಲ್ಲವನ್ನೂ ಜಗಲಿಯ ಕೆಳಗೆ ನಿಂತೇ ಹೇಳುತ್ತಿದ್ದರು. ಒಂದು ದಿನ ಅತ್ತೆಗೆ ರೇಗಿತು. "ನಿಂಗೂ ಬಿಸಿಲು, ನಂಗೂ ಕೂಗಿ ಕೂಗಿ ಗಂಟ್ಲು ನೋವು. ಒಳಕ್ ಬಾ ಅತ್ಲಾಗಿ." ಆಕೆ ಹೊಸ್ತಿಲ ಹತ್ತಿರ ನಿಂತುಬಿಟ್ಟರು. ಅತ್ತೆ ಎದ್ದು ಬಂದು, ತಡಕಾಡಿ, ಕೈಹಿಡಿದು ಒಳಗೆ ಕರೆದುಕೊಂಡರು. ನಡುಮನೆಯ ಚಾಪೆಯ ಮೇಲೆ ಇಬ್ಬರೂ ಕೂತರು.

ಬೀದಿಯಲ್ಲಿ ಮಾತು ಬಾರದೆ ಇರುತ್ತದೆಯೇ? ಎದುರು ಮನೆಯ ದೊಡ್ಡಮ್ಮ ಬಂದು, "ಇದೇನವ್ವ, ಅವಳ್ನ ಒಳಕ್ ಬುಟ್ಕಂಡಿದ್ದೀಯಂತ?" ಎಂದು ಕೇಳಿಯೇಬಿಟ್ಟರು. ಅತ್ತೆ ಶಾಂತವಾಗಿಯೇ ಹೇಳಿದರು. "ಅವಳು ನನ್ ಕಣ್ಣು ನೋಡಕ ಬತ್ತಾಳ ಕಣಕ್ಕ. ನಿನ್ ಕಣ್ಗ್ಯಾನಾಯ್ತು?" ದೊಡ್ಡಮ್ಮ ಒಂದು ತಿಂಗಳು ನಮ್ಮ ಜಗಲಿ ಹತ್ತಲಿಲ್ಲ.

ಪಟ್ಟಿ ಬಿಚ್ಚಿ ಕನ್ನಡಕ ಬಂದ ಮೇಲಿನ ಮೊದಲ ಹುಣ್ಣಿಮೆ ವೈಶಾಖದ್ದಲ್ಲ, ಹಬ್ಬವೂ ಇರಲಿಲ್ಲ. ಆದರೂ ಅತ್ತೆ ಬೋರೆಗೆ ಹೋಗಲೇಬೇಕೆಂದರು. ನಾವು ನಾಲ್ಕೇ ಜನ. ಟೀಚರು, ಅವರ ತಾಯಿ, ಅತ್ತೆ, ನಾನು. ಚಳಿಗೆ ಎಲ್ಲರೂ ಟವೆಲು ಹೊದ್ದಿದ್ದೆವು. ಚಂದ್ರ ಬಂದಾಗ ಅತ್ತೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಆಮೇಲೆ ಇನ್ನೊಂದನ್ನು. ಮತ್ತೆ ಮೊದಲಿನದನ್ನು.

"ಈ ಕಣ್ಗ ಮೂರು. ಈ ಕಣ್ಗ ಒಂದೇ," ಎಂದರು. "ಒಂದೇ ಕಣ್ರವ್ವ. ಅಂಚು ಅಂಚೂ ಕಾಣ್ತದ." ಹಾಗೆನ್ನುತ್ತಲೇ ಅವರ ಕೆನ್ನೆಯ ಮೇಲೆ ನೀರು ಇಳಿಯಿತು.

ಟೀಚರ ತಾಯಿ ಗಾಬರಿಯಾಗಿ ಗದರಿಸಿದರು. "ಅಯ್ಯೋ, ಅಳ್ಬಾರ್ದು ಅಂತ ಡಾಕ್ಟ್ರು ಏಳವ್ರಾ ಇಲ್ವಾ? ಒರುಸ್ಕೊಬೇಡಿ, ಕಣ್ಗ ಕೈ ಆಕ್ಬೇಡಿ!" ತಾವೇ ಕೆನ್ನೆಯ ಮೇಲೆ ಮಾತ್ರ, ಕಣ್ಣಿಗೆ ತಾಕದ ಹಾಗೆ, ಸೆರಗಿನ ತುದಿಯಿಂದ ಒತ್ತಿದರು. ಅತ್ತೆ ಮಗುವಿನಂತೆ ಮುಖ ಎತ್ತಿ ಕೂತಿದ್ದರು.

ಆಮೇಲೆ ಅದು ಹುಣ್ಣಿಮೆ ಹುಣ್ಣಿಮೆಗೂ ನಡೆಯುವ ಕೂಟವಾಯಿತು. ನಮ್ಮ ಬೀದಿಯಿಂದ ಮೊದಲು ಬಂದವರು ಕಣ್ಣು ಮಂಜಾದ ಮುದುಕಿಯರು, ಅವರನ್ನು ಕರೆದುಕೊಂಡು ಬರುವ ನೆಪದಲ್ಲಿ ಸೊಸೆಯರು. ಎಲ್ಲರೂ ಬಂದರೆಂದು ಹೇಳಲಾರೆ. ಕೆಲವು ಮನೆಯ ಗಂಡಸರು ಬೇಡವೆಂದರು. ಬಂದವರಲ್ಲೂ ಕೆಲವರು ಮನೆಯಿಂದಲೇ ಬುತ್ತಿ ತಂದು ತಮ್ಮಷ್ಟಕ್ಕೆ ತಾವು ಉಣ್ಣುತ್ತಿದ್ದರು. ಟೀಚರಿಗೆ ಅದು ನೋಯುತ್ತಿತ್ತು. ಒಮ್ಮೆ ನನ್ನ ಹತ್ತಿರ ಹೇಳಿದರು. "ನಮ್ಮ ಜೊತೆ ಕೂತು ಚಂದ್ರನ್ನ ನೋಡ್ತಾರೆ ಮೇಡಂ, ನಮ್ಮ ಪಾತ್ರೆ ಮಾತ್ರ ನೋಡಲ್ಲ." ಮುಂದಿನ ವೈಶಾಖದಲ್ಲಿ ಮೋಡ ಮುಚ್ಚಿ ಚಂದ್ರನೇ ಕಾಣದೆ, ಮಳೆ ಹೊಡೆದು, ಎಲ್ಲರೂ ಶಾಲೆಯ ವರಾಂಡಕ್ಕೆ ಓಡಿದೆವು. ಅಲ್ಲಿ ಜಾಗವಿರಲಿಲ್ಲ. ಮೈಗೆ ಮೈ ತಾಗಿಸಿ ನಿಂತಿದ್ದಾಗ ಪಾಯಸದ ಪಾತ್ರೆ ಕೈಯಿಂದ ಕೈಗೆ ಬಂತು. ಅತ್ತೆ ತಾವೇ ಸೌಟು ಹಿಡಿದು ಬಡಿಸಿದರು, ಕುಡಿದರು. ಹಲವರು ಕುಡಿದರು, ಕೆಲವರು ಮಳೆ ನೋಡುತ್ತಾ ನಿಂತರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ನರಸೀಪುರಕ್ಕೆ ವರ್ಗವಾಯಿತು. ಮನೆ ಹಳ್ಳಿಯಲ್ಲೇ ಉಳಿಸಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಟೀಚರ ತಾಯಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ಅತ್ತೆ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲೇ ಕೈತೊಳೆದು ಎದ್ದರು. "ನಡಿಯವ್ವ" ಎಂದರು. ಅಂದು ಭಾನುವಾರ, ಬೀದಿಯ ತುಂಬ ಜನ. ಎಲ್ಲರ ಎದುರಿಗೇ ನಡೆದು ಆ ಕೇರಿಗೆ ಹೋದೆವು. ಐವತ್ತು ವರ್ಷ ಈ ಊರಿನಲ್ಲಿ ಬಾಳಿದ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಯಾವ ಮನೆಯೆಂದು ನಾನು ತೋರಿಸಬೇಕಾಯಿತು.

ಯಾರೋ ಕುರ್ಚಿ ತಂದರು. ಅತ್ತೆ ಬೇಡವೆಂದು ತಲೆಯಾಡಿಸಿ, ಹೆಣದ ತಲೆಯ ಹತ್ತಿರ ನೆಲದ ಮೇಲೆ ಕೂತರು. ಆಮೇಲೆ ಟೀಚರ ಕೈ ಹಿಡಿದು ಕೇಳಿದರು. "ನಿಮ್ಮವ್ವ ನಾಟಿ ಆಕೋವಾಗ ಒಂದು ಪದ ಏಳ್ತಿದ್ದಳು. ಅವಳು ಏಳುದ್ರ ಬ್ಯಾರೆಯೋರ್ಗ ಸೊಂಟ ನೋವು ಗೊತ್ತಾಯ್ತಿರ್ಲಿಲ್ಲ. ನಂಗ ಮರ್ತೋಗದ. ನಿಂಗ ಬತ್ತದಾ ಮಗ?"

ಟೀಚರು ಇಲ್ಲವೆಂದು ತಲೆಯಾಡಿಸಿ ಬಿಕ್ಕಿದರು. ಅಮ್ಮ ಗದ್ದೆಯಲ್ಲಿ ಹಾಡುತ್ತಿದ್ದಾಗ ಅವರು ಸುತ್ತೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದರಂತೆ. ಬಾಗಿಲ ಹತ್ತಿರ ಕೂತಿದ್ದ ಇಬ್ಬರು ಮುದುಕಿಯರು ಮುಖ ಮುಖ ನೋಡಿಕೊಂಡರು. ಒಬ್ಬರು ಮೆಲ್ಲಗೆ ಮೊದಲ ಸಾಲು ಎತ್ತಿಕೊಂಡರು. ಇನ್ನೊಬ್ಬರು ಸೇರಿಕೊಂಡರು. ಅತ್ತೆಗೆ ಅಲ್ಲೊಂದು ಇಲ್ಲೊಂದು ಮಾತು ನೆನಪಿಗೆ ಬಂದು, ಬಂದಷ್ಟನ್ನು ದನಿಗೂಡಿಸಿದರು. ಟೀಚರು ಅಳು ನಿಲ್ಲಿಸಿ, ಆ ಮುದುಕಿಯರ ಬಾಯಿಯನ್ನೇ ನೋಡುತ್ತಾ ಒಂದೊಂದೇ ಸಾಲು ಕಲಿಯತೊಡಗಿದರು.