ಯಾರೂ ತೊಡದ ಬಳೆಗಳು

ಕೋವಿಡ್ ಕಳೆದು ಕಾರ್ಖಾನೆಗಳು ಮತ್ತೆ ಪೂರ್ತಿ ಕೆಲಸಕ್ಕೆ ಇಳಿದಿದ್ದ ವರ್ಷ ಅದು. ಕೆ.ಆರ್. ಪುರದ ಹತ್ತಿರ, ಆಸ್ಪತ್ರೆಯ ಮಾನಿಟರ್‌ಗಳಿಗೆ ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕಂಪನಿಯೊಂದರಲ್ಲಿ ನಾನು ಸೋರ್ಸಿಂಗ್ ಆಡಿಟರ್ ಆಗಿದ್ದೆ. ಬೋರ್ಡಿನ ಚಿನ್ನ, ತವರ ಯಾವ ಗಣಿಯಿಂದ ಬಂತು, ಅಲ್ಲಿ ಬಂದೂಕು ತೋರಿಸಿ ದುಡಿಸುತ್ತಾರೆಯೇ, ಮಕ್ಕಳು ಅಗೆಯುತ್ತಿದ್ದಾರೆಯೇ ಎಂದು ವಿಚಾರಿಸುವುದು ನನ್ನ ಕೆಲಸ. ಮದುವೆಮನೆಯಲ್ಲಿ ಇದನ್ನು ವಿವರಿಸಲು ಹೊರಟರೆ ಜನ ಮೆಲ್ಲಗೆ ಊಟದ ಪಂಕ್ತಿಯತ್ತ ಜಾರಿಕೊಳ್ಳುತ್ತಿದ್ದರು.

ನಿಯಮದಲ್ಲಿ ಒಂದು ವಿನಾಯಿತಿ ಇತ್ತು. ಹಳೆಯ ಒಡವೆ ಕರಗಿಸಿದ ಚಿನ್ನ ರೀಸೈಕಲ್ಡ್. ಅದರ ಗಣಿ ಯಾವುದೆಂದು ಕೇಳಬೇಕಾಗಿಲ್ಲ. ನಮ್ಮ ಚಿನ್ನವೆಲ್ಲ ಅಂಥದ್ದೇ. ಶಿವಾಜಿನಗರದ ನೂರ್ ಅಹ್ಮದ್ ಸಾಹೇಬರು ಒಡವೆ ಕರಗಿಸಿ, ಶುದ್ಧ ಮಾಡಿ ಕೊಡುತ್ತಿದ್ದರು. ಅವರ ಕುಲುಮೆ ಉರಿಯುತ್ತಿದ್ದುದೇ ನಮ್ಮ ಆರ್ಡರಿನಿಂದ. ಅದು ಮುಂದುವರಿಯಲು ವರ್ಷಕ್ಕೊಮ್ಮೆ ನನ್ನ ಒಪ್ಪಿಗೆ ಬೇಕಿತ್ತು.

ಆ ಬೆಳಿಗ್ಗೆ ಅದಕ್ಕೆಂದೇ ಹೋಗಿದ್ದೆ. ಸಾಹೇಬರು ಹಾಲಿಲ್ಲದ ಸುಲೇಮಾನಿ ಚಹಾ ತರಿಸಿದರು. ಕರಗಿಸಲು ಇಟ್ಟಿದ್ದ ಬಳೆಗಳ ತಟ್ಟೆ ಮೇಜಿನ ಮೇಲಿತ್ತು. ಬಳೆ ಕಂಡರೆ ಸುಮ್ಮನಿರುವ ಜಾತಿ ನನ್ನದಲ್ಲ, ಒಂದನ್ನು ಕೈಗೇರಿಸಿದೆ. ಚುರುಕ್ಕೆಂದು ಚರ್ಮ ಗೀರಿ ರಕ್ತ ಬಂತು. ಒಳಗಿನ ಅಂಚನ್ನು ಯಾರೂ ಉಜ್ಜಿಯೇ ಇರಲಿಲ್ಲ. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ. ತೊಟ್ಟ ಬಳೆಯಲ್ಲಿ ಸೋಪಿನ ಕೊಳೆ, ಸವೆತ, ಒಂದಿಷ್ಟು ಸೊಟ್ಟ ಇರಬೇಕಲ್ಲ? ಇಲ್ಲಿ ಏನೂ ಇಲ್ಲ, ಎಲ್ಲವೂ ಒಂದೇ ಅಚ್ಚಿನವು.

"ಸಾಹೇಬ್ರೇ, ಇವನ್ನ ಯಾರೂ ತೊಟ್ಟೇ ಇಲ್ಲ."

ಹೇಳುತ್ತಿದ್ದಂತೆ ನನಗೆ ಹೊಳೆಯಿತು. ಎಲ್ಲಿಯದೋ ಗಣಿಯ ಚಿನ್ನವನ್ನು ಬಳೆಯ ಅಚ್ಚಿಗೆ ಹುಯ್ದು, ಹಳೆಯ ಒಡವೆಯೆಂದು ಯಾರೋ ದಾಟಿಸುತ್ತಿದ್ದರು.

ಸಾಹೇಬರು ಬಳೆಯ ಒಳಗೆ ಬೆರಳಾಡಿಸಿದರು. ಇನ್ನೊಂದನ್ನು ಎತ್ತಿ ನೋಡಿದರು. "ಬ್ರೋಕರ್ ತರ್ತಾನೆ ಮೇಡಂ. ನಾವು ಪ್ಯೂರಿಟಿ ನೋಡ್ತೀವಿ, ತೂಕ ನೋಡ್ತೀವಿ. ಇದನ್ನ ಯಾರು ನೋಡ್ತಾರೆ?" ಬ್ರೋಕರಿಗೆ ಫೋನ್ ಮಾಡಿ, ಬಳೆ ಯಾರ ಮನೆಯದ್ದೆಂದು ಕೇಳಿದರು. ಕರೆ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ಡ್ ಆಫ್.

ಅಷ್ಟರಲ್ಲಿ ಒಳಗಿನಿಂದ ಕೆಲಸಗಾರ ಕೂಗಿದ: "ಬಳೆ ಹಾಕ್ಬಿಡ್ಲಾ ಸಾಬ್? ಭಟ್ಟಿ ಕಾದಿದೆ."

ಒಮ್ಮೆ ಕರಗಿದರೆ ಮುಗಿಯಿತು, ನನ್ನ ಮಾತಿಗೆ ಸಾಕ್ಷಿಯೇ ಇರುವುದಿಲ್ಲ; ಸಾಹೇಬರ ಆರ್ಡರ್ ಉಳಿಯುತ್ತದೆ. ಅವರಿಗೂ ಅದು ಗೊತ್ತಿತ್ತು. ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ಭಟ್ಟಿ ಬಂದ್ ಕರೋ," ಎಂದರು. ಕುಲುಮೆ ಆರಿತು.

ನಾನು ಒಪ್ಪಿಗೆ ತಡೆಹಿಡಿದೆ. ಅವರು ವಾದಿಸಲಿಲ್ಲ. ಬಾಗಿಲ ತನಕ ಬಂದು ಒಂದೇ ಮಾತು ಕೇಳಿದರು: "ಇಷ್ಟು ದಿನ ಕರಗಿಸಿದ್ದು, ಮೇಡಂ? ಅದರಲ್ಲಿ ಎಷ್ಟು ಹಿಂಗಿತ್ತು?"

ಆ ಕುಲುಮೆ ಮತ್ತೆ ಹೊತ್ತಲು ತಿಂಗಳುಗಳೇ ಹಿಡಿದವು. ಈಗ ಸಾಹೇಬರು ಬ್ರೋಕರನ್ನು ಬಿಟ್ಟು, ಒಡವೆ ತೊಟ್ಟವರಿಂದಲೇ ಕೊಳ್ಳುತ್ತಾರೆ. ಕೇಳಬೇಕಾಗಿಲ್ಲ ಎಂದು ನಿಯಮ ಎಲ್ಲಿ ಹೇಳುತ್ತದೋ ಅಲ್ಲೇ ಮೊದಲು ಕೇಳಬೇಕೆಂದು ಆ ದಿನ ನನಗೆ ಕಲಿಸಿತು.

ಕಳೆದ ತಿಂಗಳು ಹಲಸೂರಿನ ಆಸ್ಪತ್ರೆಯೊಂದರಲ್ಲಿ ತಮ್ಮನ ಮಗು ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಪಕ್ಕದ ಮಾನಿಟರಿನ ಲೇಬಲ್ ನೋಡಿದೆ: ಕುಲುಮೆ ಆರುವ ಮೊದಲಿನದು, ಒಳಗಿರುವುದು ನಮ್ಮದೇ ಬೋರ್ಡು. ಬೀಪ್ ನಿಲ್ಲದಿರಲಿ ಎಂದು ಬೇಡಿಕೊಂಡೆ. ಆ ಚಿನ್ನವನ್ನು ಯಾರ ಮನೆಯ ಮಗು ಅಗೆದಿತ್ತೋ.