ಸಾರಿಗೆ ಸಕ್ಕರೆ ಸುರಿದವರು

ಮದುವೆಮನೆಯ ಸಾರು ಪಾಯಸದ ಹಾಗೆ ಸಿಹಿಯಾಗಿತ್ತು. ಊಟಕ್ಕೆ ಒಂದೇ ತಾಸು ಉಳಿದಿತ್ತು. ಹೊನ್ನಾವರದಲ್ಲಿ ಕ್ಯಾಟರಿಂಗ್ ಮಾಡುವ ನನಗೆ ಆ ವಾರ ಅದು ನಾಲ್ಕನೇ ಮದುವೆ, ಕೂಗಾಡಲೂ ತ್ರಾಣವಿರಲಿಲ್ಲ. ಅಡುಗೆಯವರ ಕೈಗಳನ್ನೇ ಒಂದೊಂದಾಗಿ ನೋಡುತ್ತ ಹೋದೆ. ಹೊಸದಾಗಿ ಸೇರಿದ್ದ ಭಟ್ಕಳದ ಶಬಾನಾಳ ಬೆರಳಿಗೆ ಸಕ್ಕರೆ ಅಂಟಿತ್ತು.

“ಸಾರಿಗೆ ಎಂತ ಹಾಕಿದ್ಯೇ?”

“ನೀವೇ ಹೇಳಿದ್ರಲ್ಲಾ ಅಕ್ಕಾ, ಮೀಠಾ ಹಾಕು ಅಂತ. ನಿಮ್ಮಲ್ಲಿ ಹಾಗೇ ಮಾಡ್ತಾರೆ ಅಂದ್ಕೊಂಡೆ.”

ದಣಿದಾಗ ನನ್ನ ಬಾಯಿಗೆ ಬರುವುದು ಮನೆಮಾತು ಕೊಂಕಣಿ. ನಾನು ಹೇಳಿದ್ದು ‘ಮೀಟ’, ಅಂದರೆ ಉಪ್ಪು. ಅವಳ ಉರ್ದು ಕಿವಿಗೆ ಅದು ‘ಮೀಠಾ’ ಆಗಿ, ಅಂದರೆ ಸಿಹಿಯಾಗಿ ಕೇಳಿಸಿತ್ತು. ತಪ್ಪಿತಸ್ಥೆಯಾದ ನಾನೇ ಇಷ್ಟು ಹೊತ್ತು ತನಿಖೆ ಮಾಡಿದ್ದೆ!

ಮತ್ತೆ ಬೇಳೆ ಬೇಯಿಸಿದೆವು. ಈಗ ಸೊಂಟ ಎಷ್ಟೇ ನೋಯಲಿ, ಉಪ್ಪು ಮಾತ್ರ ಎದ್ದು ಹೋಗಿ ನಾನೇ ಹಾಕುತ್ತೇನೆ.