ದೇವರಮನೆಯಲ್ಲಿ ಜಮೀಲಮ್ಮನವರು

ಕಣ್ಣಿಗೆ ಬೆಳಕನ್ನೂ ಆ ಬೆಳಕನ್ನು ಕಾಯುವವರನ್ನೂ ಕರುಣಿಸಿದ ಶ್ರೀಹರಿಗೆ ಮೊದಲು ಕೃತಜ್ಞತೆಯ ವಂದನೆ.

ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಿ ತಲೆನೋವು ಎಂದು ಬಾಯಿಬಿಟ್ಟವರಿಗೆ ಡಾಕ್ಟರ್ ಜಮೀಲಮ್ಮನವರು ಮಾತ್ರೆ ಕೊಡುತ್ತಿರಲಿಲ್ಲ. ಊಟದ ಡಬ್ಬಿ ತೋರಿಸುತ್ತಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ನರರೋಗಗಳ ಪಾಠ ಹೇಳಿ ನಿವೃತ್ತರಾಗಿದ್ದರೂ ಪಾಠ ಮಾತ್ರ ನಿವೃತ್ತವಾಗಿರಲಿಲ್ಲ.

"ತಲೆಬುರುಡೆ ಅಂದ್ರೆ ಮುಚ್ಚಳ ತೆಗೆಯೋಕಾಗದ ಡಬ್ಬಿ ಕಣ್ರೀ. ಒಳಗೆ ಮಿದುಳು, ರಕ್ತ, ನೀರು. ಒಂದು ಜಾಸ್ತಿಯಾದ್ರೆ ಇನ್ನೊಂದು ಜರುಗ್ಬೇಕು. ಜರುಗೋಕೆ ಜಾಗ ಇಲ್ದಿದ್ರೆ ಒತ್ತಡ! ಮಿದುಳೇ ಊದೋದು ಒಂದು ಜಾತಿ. ನೀರಿನ ದಾರಿ ಕಟ್ಕೊಳ್ಳೋದು, ರಕ್ತ ವಾಪಸ್ ಹೋಗ್ದೆ ನಿಲ್ಲೋದು ಬೇರೆ ಜಾತಿ. ಗೆಡ್ಡೆ, ಹೊರಗೆ ಸೋರಿದ ರಕ್ತ, ಇವು ಕರೀದೆ ಬಂದ ನೆಂಟರು. ಕಾರಣವೇ ಸಿಗದ್ದೂ ಒಂದಿದೆ. ಅದಕ್ಕೆ ಉದ್ದನೆ ಹೆಸರಿಟ್ಟು ನಾವು ಮರ್ಯಾದೆ ಉಳಿಸ್ಕೊಂಡಿದೀವಿ."

ಒಮ್ಮೆ ನನಗೇ ಬೆಳಗಿನ ಜಾವ ತಲೆ ಸಿಡಿಯತೊಡಗಿತು, ವಾಂತಿಯೂ ಆಯಿತು. ಪಿತ್ತವೆಂದು ನಿರ್ಣಯಿಸಿ ಜೀರಿಗೆ ಕಷಾಯ ಕುಡಿದೆ. ಪಾರಾಯಣದ ಅಕ್ಷರಗಳು ಮಸುಕಾದಾಗ ಮಾತ್ರ ಹೆದರಿದೆ. ಓದಲಾರದ ಬಾಳನ್ನು ನಾನು ಕಲ್ಪಿಸಿಕೊಳ್ಳಲಾರೆ. ನನ್ನ ಮನೆಯಾಕೆ ಶಾರದೆ ಹಟ ಹಿಡಿದು ಜಮೀಲಮ್ಮನವರನ್ನು ಕರೆತಂದಳು.

ಕಣ್ಣಿನೊಳಗೆ ದೀಪ ಬಿಟ್ಟು ನೋಡಲು ಕತ್ತಲೆ ಬೇಕಂತೆ. ನಮ್ಮಲ್ಲಿ ಕಿಟಕಿಯಿಲ್ಲದ ಕೋಣೆ ದೇವರಮನೆಯೊಂದೇ. ಅವರು ಹೊಸ್ತಿಲಲ್ಲಿ ನಿಂತರು. "ಒಳಗೆ ಬನ್ನಿ ತಾಯಿ," ಎಂದೆ. ಆದರೆ ನಂದಾದೀಪ ಆರಿಸುವಂತಿಲ್ಲವಲ್ಲ ಎಂದು ಅನುಮಾನಿಸಿದೆ.

"ಆರಿಸ್ಬೇಡಿ. ದೀಪಕ್ಕೆ ಬೆನ್ನು ಮಾಡಿ ಕೂತ್ಕೊಳ್ಳಿ."

"ದೇವರಿಗೆ ಬೆನ್ನು ಹಾಕೋದು ಹೇಗಮ್ಮ?"

"ಅರೆ, ಮುಖ ದಿನಾ ನೋಡ್ತಾನಲ್ಲ ಶಾಸ್ತ್ರಿಗಳೇ, ಇವತ್ತು ಬೆನ್ನು ನೋಡ್ಲಿ ಬಿಡಿ!"

ಕೂತೆ. ಅವರು ಬಹಳ ಹೊತ್ತು ನೋಡಿದರು. ಧ್ವನಿ ತಗ್ಗಿತು. "ಕಣ್ಣಿನ ನರದ ಬುಡ ಊದಿದೆ, ಡಬ್ಬಿಯೊಳಗೆ ಒತ್ತಡ ಏರಿದೆ. ತಲೆ ಎಲ್ಲಾದ್ರೂ ಬಡಿದಿತ್ತಾ?"

"ತಿಂಗಳ ಹಿಂದೆ ಇದೇ ಬಾಗಿಲಿಗೆ ಢಂ ಅಂತ ಹೊಡ್ಕೊಂಡ್ರು," ಎಂದಳು ಶಾರದೆ. "ದೇವರೇ ಎಚ್ಚರಿಸಿದ ಅಂದ್ರು."

"ಎಚ್ಚರಿಸಿದ ಮೇಲೂ ಕಷಾಯ ಕುಡೀತಾ ಕೂತ್ರಾ? ಏಳಿ, ಆಸ್ಪತ್ರೆಗೆ!"

ಸ್ಕ್ಯಾನಿನಲ್ಲಿ ಮಿದುಳಿನ ಮೇಲೆ ರಕ್ತ ನಿಂತಿತ್ತು. ಬುರುಡೆಗೆ ತೂತು ಕೊರೆದು ಹೊರತೆಗೆದರು. ನೋವು ಹೋಯಿತು, ಕೆಲವು ದಿನಗಳಲ್ಲಿ ಅಕ್ಷರಗಳೂ ಒಂದೊಂದಾಗಿ ಮರಳಿದವು.

ಮನೆಗೆ ಹೊರಟ ದಿನ ಜಮೀಲಮ್ಮನವರು ನೋಡಲು ಬಂದರು. ವಯಸ್ಸಿನಲ್ಲಿ ಕಿರಿಯರಾದರೂ ಅವರ ಪಾದಕ್ಕೆರಗಲು ಬಾಗಿದೆ.

"ಯಾ ಅಲ್ಲಾ! ತಲೆ ಬಗ್ಗಿಸ್ಬೇಡಿ, ಹೊಲಿಗೆ ಇನ್ನೂ ಹಸಿ!" ಎಂದು ಗದರಿ ಹಿಂದೆ ಸರಿದರು. "ಹೊಲಿಗೆ ಬಿಚ್ಚಿದ ಮೇಲೆ ನೋಡೋಣ."

ಹೊಲಿಗೆ ಬಿಚ್ಚುವ ಮುನ್ನವೇ ಅವರು ನಿದ್ದೆಯಲ್ಲಿ ತೀರಿಕೊಂಡರು. ಆ ನಮಸ್ಕಾರ ನನ್ನಲ್ಲಿಯೇ ಉಳಿದಿದೆ.

ಕೊರೆದ ಕೈಗಳಿಗೆ, ಶುಶ್ರೂಷೆ ಮಾಡಿದವರಿಗೆ, ಹಟ ಹಿಡಿದು ಕರೆತಂದ ಶಾರದೆಗೆ, ಆ ಮಹಾತಾಯಿಯ ಆತ್ಮಕ್ಕೆ ಭಗವಂತನು ಶ್ರೇಯಸ್ಸನ್ನು ಕರುಣಿಸಲಿ.